ಹಳೇ ಆಟ, ಹಸಿ ಸಂಡಿಗೆ

ಮೂರು ವರ್ಷದಿಂದ ಮನೆಯಲ್ಲಿ ಯಾರೂ ನೋಡದ ಗೃಹಪ್ರವೇಶದ ವಿಡಿಯೊವನ್ನು ನಾನು ಅಳಿಸಿದ್ದು ಮಂಗಳವಾರ ರಾತ್ರಿ. ಹೆಂಡತಿಯ ಅಕ್ಕ ತಿಪಟೂರಿನಿಂದ ಫೋನ್ ಮಾಡಿ ಅದೇ ವಿಡಿಯೊ ಕೇಳಿದ್ದು ಬುಧವಾರ ಬೆಳಿಗ್ಗೆ.

ಅಳಿಸಿದ್ದಕ್ಕೆ ಕಾರಣ ಇತ್ತು. 2025ರ ಏಪ್ರಿಲ್ 22ರಂದು 'ಒಬ್ಲಿವಿಯನ್' ಅನ್ನುವ ಹಳೇ ಕಂಪ್ಯೂಟರ್ ಆಟದ ರೀಮಾಸ್ಟರ್, ಅಂದರೆ ಹೊಸ ಮೆರುಗು ಕೊಟ್ಟ ರೂಪ, ಬಂತು. ಮೊದಲೇ ಹೇಳಿ ಕಾಯಿಸಲಿಲ್ಲ. ಬಂದಿದೆ ಅಂದರು, ಅವತ್ತೇ ಮಾರಾಟಕ್ಕೂ ಇಟ್ಟರು. ಲ್ಯಾಪ್‌ಟಾಪ್‌ನಲ್ಲಿ 125 ಜಿಬಿ ಜಾಗ ಬೇಕು ಅಂದಿತು. ಇದೇ ಆಟ 2006ರಲ್ಲಿ ಬಂದಾಗ ಕೇಳಿದ್ದು 4.6 ಜಿಬಿ. ಮದುವೆಯಾದ ಮೇಲೆ ನಾನೂ ದಪ್ಪಗಾಗಿದ್ದೇನೆ, ನಿಜ. ಆದರೆ ಇಷ್ಟು ಲೆಕ್ಕದಲ್ಲಿ ಅಲ್ಲ.

ಎಷ್ಟು ಕೊಟ್ಟು ಕೊಂಡೆ ಅಂತ ಮನೆಯಲ್ಲಿ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ. ನನ್ನ ಹೆಂಡತಿ ಓದುತ್ತಾಳೆ.

2006ರಲ್ಲಿ ನನ್ನ ಹತ್ತಿರ ಇದ್ದದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿ ತಂದ ಡಬ್ಬಾ ಕಂಪ್ಯೂಟರ್. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತುಮಕೂರಿಗೆ ತಂದಿದ್ದೆ. ಈ ಆಟ ಓಡಿಸುವಷ್ಟು ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಸೆಟ್ಟಿಂಗ್ಸಿಗೆ ಹೋಗಿ ಒಂದೊಂದನ್ನೇ ಆಫ್ ಮಾಡಿದೆ. ನೆರಳು ಆಫ್. ನೀರಿನ ಹೊಳಪು ಆಫ್. ಕೊನೆಗೆ ಹುಲ್ಲೂ ಆಫ್. ಸಿರೊಡಿಲ್ ಅಂತ ಆಟದ ನಾಡು, ಎಲ್ಲಿ ನೋಡಿದರೂ ಹಸಿರು ಅಂತ ಹೆಸರಾದದ್ದು. ನನ್ನ ಪರದೆಯಲ್ಲಿ ಮಾತ್ರ ಅದು ಪಾವಗಡದ ಬಯಲು. ಪಾವಗಡದಲ್ಲೇ ಕುದುರೆ ಓಡಿಸಿದೆ. ಪಾವಗಡದಲ್ಲೇ ರಾಕ್ಷಸರನ್ನು ಹೊಡೆದೆ. ಪಾವಗಡದಲ್ಲೇ ಲೋಕ ಉಳಿಸಿದೆ.

ಹಾಗಾಗಿ ಈ ಸಲ ಹುಲ್ಲು ನೋಡುವ ಆಸೆ ಜಾಸ್ತಿ ಇತ್ತು. ನಮ್ಮ ಬೀದಿಯ ಇಂಟರ್‌ನೆಟ್ಟಿಗೆ ಆಟ ಇಳಿಸಿಕೊಳ್ಳಲು ಎರಡು ರಾತ್ರಿ, ಒಂದು ಹಗಲು ಹಿಡಿಯಿತು. ಶುರು ಮಾಡಿದೆ. ಜೈಲಿನಿಂದ ತಪ್ಪಿಸಿಕೊಂಡು ಬಯಲಿಗೆ ಬಂದರೆ, ಆಹಾ, ಮಳೆ ನಿಂತ ಮೇಲಿನ ದೇವರಾಯನದುರ್ಗ. ಹುಲ್ಲು ಗಾಳಿಗೆ ಓಲಾಡುತ್ತಿದೆ. ಮೂರು ನಿಮಿಷ ನೋಡಿದೆ. ಲ್ಯಾಪ್‌ಟಾಪ್ ಬಸ್ ಸ್ಟ್ಯಾಂಡಿನ ಬಸ್ಸಿನ ಹಾಗೆ ಸದ್ದು ಮಾಡಿ, ಬಿಸಿಯಾಗಿ, ಆಫ್ ಆಯಿತು.

ಮತ್ತೆ ಸೆಟ್ಟಿಂಗ್ಸು. ನೆರಳು ಕಡಿಮೆ. ನೀರು ಕಡಿಮೆ. ಹುಲ್ಲು ಕಡಿಮೆ. ಹತ್ತೊಂಬತ್ತು ವರ್ಷ ಆದ ಮೇಲೆ ಮತ್ತೆ ಪಾವಗಡ.

ಹಳೇ ಆಟವನ್ನು ಹೊಸದು ಮಾಡುವುದರಲ್ಲಿ ಎರಡು ಬಗೆ. ಒಂದು, ಮನೆ ಕೆಡವಿ ಕಟ್ಟುವುದು. 1997ರ 'ಫೈನಲ್ ಫ್ಯಾಂಟಸಿ 7' ಆಟಕ್ಕೆ 2020ರಲ್ಲಿ ಹಾಗೆ ಮಾಡಿದರು. ಹಳೇ ಮನೆಯ ಮುಂದಿನ ಕೋಣೆಯೊಂದನ್ನೇ ಎಳೆದು ಇಡೀ ಬಂಗಲೆ ಮಾಡಿ, ಉಳಿದ ಕೋಣೆಗಳನ್ನು ಆಮೇಲೆ ಕಟ್ಟುತ್ತೇವೆ ಅಂದರು. ಇನ್ನೊಂದು, ಬಿ.ಎಚ್. ರಸ್ತೆಯಲ್ಲಿ ನಾವು ದಿನಾ ನೋಡುವಂಥದ್ದು. ಮುಂದೆ ಗಾಜಿನ ಎಲಿವೇಶನ್, ಒಳಗೆ ಅದೇ ಹೆಂಚಿನ ಮನೆ. ಒಬ್ಲಿವಿಯನ್ ಎರಡನೇ ಬಗೆ. ಕಣ್ಣಿಗೆ ಕಾಣುವುದನ್ನೆಲ್ಲ ಅನ್ರಿಯಲ್ ಎಂಜಿನ್ 5 ಅನ್ನುವ, ಆಟ ಓಡಿಸುವ ಹೊಸ ತಂತ್ರಾಂಶ ಬಿಡಿಸುತ್ತದೆ. ಯಾರು ಎಲ್ಲಿಗೆ ನಡೆಯಬೇಕು, ಯಾವಾಗ ಕತ್ತಿ ಎತ್ತಬೇಕು ಅನ್ನುವುದನ್ನು ಒಳಗೆ ಕುಳಿತ 2006ರ ಎಂಜಿನ್ನೇ ನಡೆಸುತ್ತದೆ.

ಹಾಗಾಗಿ ಹಳೇ ಚಾಳಿಗಳೂ ಹಾಗೇ ಇವೆ. ಪಾತ್ರಕ್ಕೆ ದನಿ ಕೊಟ್ಟ ಒಬ್ಬಳು ಮಾತು ತಪ್ಪಿ, 'ತಾಳಿ, ಅದನ್ನ ಇನ್ನೊಂದ್ಸಲ ಹೇಳ್ತೀನಿ' ಅಂದದ್ದು ಹಳೇ ಆಟದಲ್ಲಿ ಕತ್ತರಿಸದೆ ಉಳಿದುಹೋಗಿತ್ತು. ಅದನ್ನೂ ಹೊಸದರಲ್ಲಿ ಉಳಿಸಿಕೊಂಡಿದ್ದಾರೆ. ಇದು ನನಗೆ ಇಷ್ಟವಾಯಿತು. ಅಜ್ಜನ ಫೋಟೊ ದೊಡ್ಡದು ಮಾಡಿಸುವಾಗ ಕೆನ್ನೆಯ ನರುಳಿಯನ್ನು ತೆಗೆಸಬಾರದು.

ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಬೇಸಿಗೆ ರಜೆ, ಅವನಿಗೂ ಕೆಲಸ ಇರಲಿಲ್ಲ. ಐದು ನಿಮಿಷ ನೋಡಿದ.

'ಅಪ್ಪಾ, ಮಾತಾಡೋಕೆ ಹೋದ್ರೆ ಎಲ್ರೂ ಯಾಕೆ ಮುಖ ಇಷ್ಟು ಹತ್ರ ತರ್ತಾರೆ?'

'ಆಗ ಹಾಗೇ ಇತ್ತಪ್ಪ.'

'ಈ ಕಳ್ಳ ಹಾಕ್ಕೊಂಡಿರೋ ಕವಚಕ್ಕೆ ಸಾವಿರಾರು ನಾಣ್ಯ ಆಗುತ್ತಲ್ವಾ? ನಿನ್ನ ಹತ್ರ ನೂರು ನಾಣ್ಯ ಕೇಳ್ತಿದಾನಲ್ಲ?'

ಇದಕ್ಕೆ ಉತ್ತರ ಇದೆ. ನಾವು ಬೆಳೆದಂತೆ ಆಟದ ಶತ್ರುಗಳೂ ಬೆಳೆಯುತ್ತಾರೆ, ದಾರಿಗಳ್ಳನೂ ದುಬಾರಿ ಕವಚ ತೊಡುತ್ತಾನೆ. ಆದರೆ ಅವನು ಕೇಳುವ ದರ ಯಾರೂ ಏರಿಸಿಲ್ಲ. ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಮಗ ಎದ್ದು ಹೋಗಿದ್ದ. ಅವನು ಬಿಟ್ಟ ಕುರ್ಚಿಗೆ ಅಮ್ಮ ಬಂದು ಕುಳಿತರು.

ಆಟದಲ್ಲಿ ಯಾರ ಮನಸ್ಸನ್ನಾದರೂ ಒಲಿಸಿಕೊಳ್ಳಲು ಒಂದು ಚಕ್ರ ಇದೆ. ಅದರಲ್ಲಿ ನಾಲ್ಕು ಭಾಗ. ಹೊಗಳಬೇಕು, ತಮಾಷೆ ಮಾಡಬೇಕು, ಜಂಬ ಕೊಚ್ಚಬೇಕು, ಬೆದರಿಸಬೇಕು. ಒಂದು ಸುತ್ತಿನಲ್ಲಿ ನಾಲ್ಕನ್ನೂ ಮಾಡಲೇಬೇಕು. ಎದುರಿನವರಿಗೆ ಎರಡು ಇಷ್ಟ, ಎರಡು ಕಷ್ಟ. ಇಷ್ಟವಾದದ್ದನ್ನು ಜಾಸ್ತಿ ಬಡಿಸಿ, ಕಷ್ಟವಾದದ್ದನ್ನು ಚೂರೇ ಚೂರು ಸೋಕಿಸಿ ಮುಗಿಸಬೇಕು. ಇದರಷ್ಟು ಪೆದ್ದು ಆಟ ಇಲ್ಲ ಅಂತ 2006ರಲ್ಲೇ ನಾನು ಬೈದಿದ್ದೆ. ಈಗಲೂ ಅರ್ಧ ಗಂಟೆ ಒದ್ದಾಡಿದೆ.

ಅಮ್ಮ ಎರಡು ಸುತ್ತು ನೋಡಿ, 'ಇದು ಬೀಗರ ಹತ್ರ ಮಾತಾಡೋದಲ್ವೇನೋ?' ಅಂದರು.

ಆಮೇಲೆ ಅಮ್ಮನೇ ಹೇಳಿಕೊಟ್ಟರು. 'ಅವಳ ಮೂತಿ ನೋಡು, ಜಂಬ ಆಗಲ್ಲ ಅವಳಿಗೆ. ಹೊಗಳು. ಹಾಂ, ಈಗ ಹೆದ್ರಿಸು, ಸ್ವಲ್ಪ ಸಾಕು.' ಆ ಊರಲ್ಲಿ ಒಬ್ಬರನ್ನೂ ಬಿಡದೆ ಒಲಿಸಿಕೊಂಡೆವು. ನಾನು ಖಾಲಿ ಮನೆಯೊಂದಕ್ಕೆ ನುಗ್ಗಿ ಬೆಳ್ಳಿ ಲೋಟ ಎತ್ತಿಕೊಂಡಾಗ ಮಾತ್ರ ಅಮ್ಮ ಸಿಟ್ಟಾದರು. ಕಾವಲುಗಾರ ಬಂದು ಹಿಡಿದ. 'ಹಿಡೀದೆ ಮುತ್ತಿಡ್ತಾನಾ?' ಅಂದರು.

ಅಷ್ಟು ಹೇಳಿದವರು, ನಾನು ಹೊರಲಾಗದೆ ನಿಂತಾಗ ನನ್ನ ಪರ ನಿಂತರು. ಈ ಆಟದಲ್ಲಿ ಭಾರ ಮಿತಿ ಮೀರಿದರೆ ವೀರ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ನನ್ನ ಚೀಲದಲ್ಲಿ ಚಮಚ, ತಟ್ಟೆ, ಮೂಳೆ, ಹನ್ನೊಂದು ಕತ್ತಿ ಇದ್ದವು. ಏನಾದರೂ ಎಸೆಯಬೇಕು. 'ಎಸೀಬೇಡ, ಇರ್ಲಿ, ಯಾವುದಕ್ಕಾದ್ರೂ ಬರುತ್ತೆ' ಅಂದರು ಅಮ್ಮ. ಅಟ್ಟದ ಮೇಲೆ 1994ರ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿರುವವರು ಇನ್ನೇನು ಹೇಳುತ್ತಾರೆ? ಅಳಿಸಿದ ಗೃಹಪ್ರವೇಶ ನೆನಪಾಗಿ ನಾನು ಸುಮ್ನೆ ಕುಳಿತೆ. ವಿಡಿಯೊದ ಒಂದು ಪ್ರತಿ ಫೋಟೊಗ್ರಾಫರ್ ಹತ್ತಿರ ಉಳಿದಿತ್ತು. ಅದನ್ನು ತರಲು ಹೋದಾಗ ಅವರ ಮೇಲೂ ನಾಲ್ಕು ಭಾಗದ ಚಕ್ರ ತಿರುಗಿಸಬೇಕಾಯಿತು.

ಲ್ಯಾಪ್‌ಟಾಪ್ ತಣ್ಣಗಿರಲಿ ಅಂತ ಅದನ್ನು ಎರಡು ರಾಗಿ ಡಬ್ಬಿಗಳ ಮೇಲೆ ಇಟ್ಟೆ. ಅದರ ಪಕ್ಕದ ಕಿಂಡಿಯಿಂದ ಬರುವ ಬಿಸಿ ಗಾಳಿಗೆ ಯಾರೂ ಕೈ ಒಡ್ಡುವ ಹಾಗಿರಲಿಲ್ಲ. ಅದೇ ವಾರ ದಿನಾ ಮಧ್ಯಾಹ್ನ ಮೋಡ ಮುಚ್ಚಿ, ತಾರಸಿಯ ಮೇಲೆ ಹಾಕಿದ್ದ ಸಂಡಿಗೆ ಒಣಗಲಿಲ್ಲ. ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಕಿಂಡಿಯ ಎದುರಿಗೆ ಹಳೇ ಪಂಚೆ ಹಾಸಿದೆ. ಅದರ ಮೇಲೆ ಸಾಲಾಗಿ ಸಂಡಿಗೆ.

ಅವತ್ತು ನನಗೆ ಸುಸ್ತಾಗಿತ್ತು. ಮಲಗುತ್ತೇನೆ ಅಂದೆ.

'ಒಂದು ಗಂಟೆ ಆಡಿ ಮಲ್ಕೋ' ಅಂದರು ಅಮ್ಮ. 'ಆ ಹುಲ್ಲೆಲ್ಲ ಜಾಸ್ತಿ ಇಡು. ಒಳಗಡೆ ಇನ್ನೂ ಹಸಿ ಇದೆ.'