ಕಾದು ನೋಡುವ ಚಿತ್ರಗಳು

ಟೋಕಿಯೊದ ಅವೊಯಾಮಾದಲ್ಲಿರುವ ನೆಜು ಮ್ಯೂಸಿಯಂ ತನ್ನ ಅತಿ ಹೆಸರಾದ ಚಿತ್ರವನ್ನು ವರ್ಷದ ಬಹುಪಾಲು ಕತ್ತಲಲ್ಲೇ ಇಡುತ್ತದೆ. ಒಗಾತಾ ಕೋರಿನ್ ಬರೆದ ಐರಿಸ್ ಹೂಗಳ ಚಿತ್ರ ಅದು. ಡಿಸೆಂಬರಿನಲ್ಲಿ ಬಂದರೆ ಕಾಣುವುದಿಲ್ಲ, ಆಗಸ್ಟಿನಲ್ಲಿ ಬಂದರೂ ಕಾಣುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇವರೆಗೆ ಮ್ಯೂಸಿಯಂ ತೋಟದ ಕೊಳದಲ್ಲಿ ಅದೇ ಹೂ ಅರಳುತ್ತದೆ. ಆ ಹೊತ್ತಿನಲ್ಲಿ ಸುಮಾರು ಒಂದು ತಿಂಗಳು ಚಿತ್ರವೂ ಹೊರಗೆ ಬರುತ್ತದೆ, ಅಷ್ಟೇ.

ಊರಿಂದ ಬರುವ ನೆಂಟರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತದೆ. "ಇಷ್ಟು ದೂರ ಬಂದಿದ್ದೀವಿ, ಒಂದ್ಸಲ ತೋರಿಸಿದ್ರೆ ಏನಾಗುತ್ತೆ?" ಎಂದು ಕೇಳುತ್ತಾರೆ. ಅವರ ಬೇಜಾರು ಸಹಜವೇ. ಜೀವನದಲ್ಲಿ ಒಮ್ಮೆ ಮಾತ್ರ ಜಪಾನಿಗೆ ಬರಲು ಆಗುವವರಿಗೆ ಈ ಪದ್ಧತಿಯಿಂದ ನಷ್ಟ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಜಪಾನಿನಲ್ಲಿ ಬಾಳುತ್ತಾ ನನಗೆ ಇದೇ ಸರಿ ಅನಿಸಿದೆ. ಕರ್ನಾಟಕದಲ್ಲೂ ಹೀಗೆ ಮಾಡಬೇಕು ಅನಿಸಿದೆ.

ಕಾರಣ ಸರಳ. ಈ ಚಿತ್ರಗಳು ಕಾಗದ ಅಥವಾ ರೇಷ್ಮೆಯ ಮೇಲೆ ಇವೆ. ಬಣ್ಣದ ಪುಡಿಯನ್ನು ಹಿಡಿದಿಟ್ಟಿರುವುದು ಅಂಟು. ಬೆಳಕು ಬಿದ್ದಷ್ಟೂ ಕಾಗದ ಸೊರಗುತ್ತದೆ, ಹವೆಯ ತೇವ ಏರಿಳಿದಷ್ಟೂ ಅಂಟು ಬಿಡುತ್ತದೆ. ಒಮ್ಮೆ ಹೋದ ಬಣ್ಣ ಮತ್ತೆ ಬರುವುದಿಲ್ಲ. ಹಾಗಾಗಿ ರಾಷ್ಟ್ರೀಯ ನಿಧಿ ಎಂದು ಗುರುತಿಸಿದ ಇಂಥ ಚಿತ್ರಗಳನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಒಟ್ಟು 60 ದಿನ ಮೀರದಂತೆ ತೋರಿಸಬೇಕು ಎಂದು ಜಪಾನ್ ಸರ್ಕಾರದ ಸೂಚನೆ ಇದೆ. ಆದರೆ ಸರ್ಕಾರ ಹೇಳುವುದಕ್ಕೂ ಮೊದಲೇ ಜನರಿಗೆ ಇದು ರೂಢಿಯಲ್ಲಿತ್ತು. ಹಳೇ ಕಾಲದ ಜಪಾನಿ ಮನೆಗಳಲ್ಲಿ ಟೊಕೊನೊಮಾ ಎಂಬ ಗೂಡು ಇರುತ್ತದೆ. ಅಲ್ಲಿ ತೂಗುಹಾಕುವ ಸುರುಳಿ ಚಿತ್ರವನ್ನು ಋತುವಿಗೆ ತಕ್ಕಂತೆ ಬದಲಿಸುತ್ತಾರೆ. ಋತು ಕಳೆದ ಮೇಲೆ ಚಿತ್ರ ಸುತ್ತಿಕೊಂಡು ಮರದ ಪೆಟ್ಟಿಗೆಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಒಮ್ಮೆ ಮೊಳೆ ಹೊಡೆದು ಹಾಕಿದ ಚಿತ್ರ ಬಿಸಿಲಿಗೆ ಮಾಸುವವರೆಗೂ ಅಲ್ಲೇ ಇರುತ್ತದೆ, ಅಲ್ವಾ?

ಕಾದು ನೋಡಿದಾಗ ನೋಡುವ ರೀತಿಯೇ ಬೇರೆ ಆಗುತ್ತದೆ. ಕ್ಯೋಟೋದ ನಿಶಿಕಿ ಮಾರುಕಟ್ಟೆಯಲ್ಲಿ ತರಕಾರಿ ಸಗಟು ವ್ಯಾಪಾರ ಮಾಡುತ್ತಿದ್ದ ಮನೆತನದ ಚಿತ್ರಕಾರ ಇತೋ ಜಾಕುಚು ಹುಟ್ಟಿ 300 ವರ್ಷ ಆದಾಗ, 2016ರಲ್ಲಿ, ಆತನ ಹುಂಜ, ಮೀನು, ಹೂಗಳ 30 ಸುರುಳಿಗಳನ್ನು ಟೋಕಿಯೊದ ಉಎನೊದಲ್ಲಿ ಒಂದೇ ತಿಂಗಳು ತೋರಿಸಿದರು. ಜನ ನಾಲ್ಕೈದು ಗಂಟೆ ಸಾಲಿನಲ್ಲಿ ನಿಂತರು. ಮುದುಕರು, ಆಫೀಸಿಗೆ ರಜೆ ಹಾಕಿದವರು, ಮಕ್ಕಳು, ಎಲ್ಲರೂ. ಹೀಗೆ ನಿಂತು ಒಳಗೆ ಹೋದವರು ಚಿತ್ರದ ಮುಂದೆ ಸುಮ್ನೆ ಹಾದುಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹಸೆಗಾವಾ ತೋಹಕುವಿನ 'ಪೈನ್ ಮರಗಳು' ಎಂಬ ಚಿತ್ರ. ಇದು ಉಎನೊದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ ಕೆಲವು ದಿನ ಹೊರಗೆ ಬರುತ್ತದೆ. ಆರಾರು ಮಡಿಕೆಯ, ನೆಲದ ಮೇಲೆ ನಿಲ್ಲಿಸುವ ಎರಡು ತೆರೆಗಳು. ಬಣ್ಣವೇ ಇಲ್ಲ, ಬರೀ ಮಸಿ. ಹತ್ತಿರ ಹೋದರೆ ಒರಟು ಗೀಟುಗಳು ಕಾಣುತ್ತವೆ, ಅವಸರದಲ್ಲಿ ಎಳೆದಂತೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಆ ಗೀಟುಗಳೇ ಮರಗಳಾಗಿ ಮಂಜಿನೊಳಗಿಂದ ಹೊರಬರುತ್ತವೆ. ಮಂಜನ್ನು ತೋಹಕು ಬರೆದೇ ಇಲ್ಲ. ಕಾಗದವನ್ನು ಖಾಲಿ ಬಿಟ್ಟಿದ್ದಾನೆ. 1539ರಲ್ಲಿ ನೋಟೋ ಸೀಮೆಯ ನಾನಾವೊದಲ್ಲಿ ಹುಟ್ಟಿದವನು ಅವನು. ಮಗ ಕ್ಯೂಜೋ ಕೂಡ ದೊಡ್ಡ ಚಿತ್ರಕಾರ. ಕ್ಯೋಟೋದ ಚಿಶಾಕುಇನ್ ದೇವಾಲಯದಲ್ಲಿ ಮಗ ಬರೆದ ಚೆರ್ರಿ ಹೂವಿನ ಮರವೂ ಅಪ್ಪ ಬರೆದ ಮೇಪಲ್ ಮರವೂ ಇವತ್ತಿಗೂ ಒಟ್ಟಿಗೆ ಇವೆ. 1593ರಲ್ಲಿ ಮಗ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಪೈನ್ ಮರಗಳು ಆ ದುಃಖದ ನಂತರದವು ಎನ್ನುವವರು ಬಹಳ ಮಂದಿ. ನಾನು ಅದನ್ನು ನಂಬುತ್ತೇನೆ. ಚಿನ್ನದ ತಗಡಿನ ಮೇಲೆ ಮೆರೆಯುವ ಬಣ್ಣ ಹಾಕುತ್ತಿದ್ದ ಕೈ ಇಲ್ಲಿ ಎಲ್ಲವನ್ನೂ ಬಿಟ್ಟು ಬರೀ ಮಸಿ ಹಿಡಿದದ್ದಕ್ಕೆ ನನಗೆ ಬೇರೆ ಕಾರಣ ತೋಚುವುದಿಲ್ಲ.

ಮೂಲ ಚಿತ್ರ ಒಳಗಿದ್ದಾಗ ಏನು ತೋರಿಸುತ್ತಾರೆ? ನಕಲು ತೋರಿಸುತ್ತಾರೆ. ನಕಲು ಎಂದು ಬೋರ್ಡು ಹಾಕಿಯೇ ತೋರಿಸುತ್ತಾರೆ. ಕ್ಯೋಟೋದ ಕೆನ್ನಿನ್‌ಜಿ ದೇವಾಲಯದಲ್ಲಿ ಸೋತತ್ಸು ಎಂಬ ಚಿತ್ರಕಾರ ಬರೆದ ಗಾಳಿದೇವ, ಗುಡುಗುದೇವರ ತೆರೆಯ ಒಳ್ಳೆ ನಕಲು ಇದೆ. ಮೂಲ ಕ್ಯೋಟೋದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಭದ್ರವಾಗಿದೆ. ಟೋಕಿಯೊದ ಸುಮಿದಾ ಹೊಕುಸಾಯ್ ಮ್ಯೂಸಿಯಂನ ಕಾಯಂ ಕೋಣೆಯಲ್ಲೂ ಬಹುತೇಕ ನಕಲುಗಳೇ. ಯಾರೂ ಮೋಸ ಹೋದೆವು ಅಂದುಕೊಳ್ಳುವುದಿಲ್ಲ. ನಕಲು ಮಾಡುವುದು ಇಲ್ಲಿ ಕಲಿಯುವ ದಾರಿಯೂ ಆಗಿತ್ತು. ಸೋತತ್ಸುವಿನ ಆ ಚಿತ್ರವನ್ನು ಸುಮಾರು ನೂರು ವರ್ಷದ ಮೇಲೆ ಕೋರಿನ್ ನಕಲು ಮಾಡಿದ. ಮತ್ತೆ ನೂರು ವರ್ಷದ ಮೇಲೆ ಸಕಾಯ್ ಹೋಯಿತ್ಸು ಕೋರಿನ್‌ನದ್ದನ್ನು ನಕಲು ಮಾಡಿದ. ಅಷ್ಟೇ ಸಾಲದೆ, ಕೋರಿನ್‌ನ ತೆರೆಯ ಬೆನ್ನ ಮೇಲೆ ತನ್ನ ಚಿತ್ರ ಬರೆದ. ಮುಂದೆ ಗುಡುಗುದೇವ, ಹಿಂದೆ ಮಳೆಗೆ ಬಾಗಿದ ಹುಲ್ಲು. ಒಬ್ಬರ ಮುಖ ಒಬ್ಬರು ಕಾಣದ ಗುರು ಶಿಷ್ಯರು ಇವರು.

ಈಗ ನಮ್ಮ ಕಡೆಗೆ ಬರೋಣ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದು ಕನ್ನಡಿಗರಿಗೆ ಹೊಸದೇನಲ್ಲ. ಹಾಸನಾಂಬೆಯ ಗುಡಿ ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ತೆರೆಯುತ್ತದೆ. ಅದಕ್ಕಾಗಿ ಜನ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುತ್ತಾರೆ. ಯಾಕೆ ವರ್ಷವೆಲ್ಲಾ ತೆರೆಯುವುದಿಲ್ಲ ಎಂದು ಯಾರೂ ಜಗಳ ತೆಗೆಯುವುದಿಲ್ಲ. ದೇವರಿಗೆ ಕೊಟ್ಟ ಈ ಮರ್ಯಾದೆಯನ್ನು ಚಿತ್ರಕ್ಕೂ ಕೊಡಬಹುದು.

ಯಾವ ಚಿತ್ರಕ್ಕೆ ಎಂದರೆ ನಾನು ಮೊದಲು ಕೆ. ವೆಂಕಟಪ್ಪನವರ ಹೆಸರು ಹೇಳುತ್ತೇನೆ. ಅದಕ್ಕೊಂದು ಜಪಾನಿನ ಕಾರಣವೂ ಇದೆ. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ ಎಂಬ ಇಬ್ಬರು ಚಿತ್ರಕಾರರು ಕಲ್ಕತ್ತೆಗೆ ಬಂದರು. ಅಂಚಿನ ಗೆರೆ ಬಿಟ್ಟು, ಮಬ್ಬು ಬಣ್ಣದಲ್ಲೇ ರೂಪ ಮೂಡಿಸುವುದಕ್ಕಾಗಿ ತಮ್ಮ ದೇಶದಲ್ಲಿ ಬೈಸಿಕೊಳ್ಳುತ್ತಿದ್ದವರು ಅವರು. ತೈಕಾನ್ ಒದ್ದೆ ಕುಂಚದಿಂದ ಬಣ್ಣ ತೇಲಿಸುವುದನ್ನು ಅಲ್ಲಿನ ಚಿತ್ರಕಾರ ಅವನೀಂದ್ರನಾಥ ಟಾಗೋರ್ ನೋಡಿದರು. ಅಲ್ಲಿಂದ ಬಂಗಾಳದ ವಾಶ್ ಶೈಲಿ ಬೆಳೆಯಿತು. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ಕಲ್ಕತ್ತೆಗೆ ಕಳಿಸಿದ್ದು ಇದೇ ಅವನೀಂದ್ರನಾಥರ ಬಳಿಗೆ. ವೆಂಕಟಪ್ಪನವರು ಮುಂದೆ ತಮ್ಮದೇ ದಾರಿ ಹಿಡಿದರು. ಊಟಿ, ಕೊಡೈಕನಾಲ್ ಬೆಟ್ಟಗಳ ಮೋಡ, ಮಂಜು, ಬೆಳದಿಂಗಳನ್ನು ಜಲವರ್ಣದಲ್ಲಿ ಬಹಳ ತಾಳ್ಮೆಯಿಂದ ಬರೆದರು. ಪೈನ್ ಮರಗಳ ಮುಂದೆ ನಿಂತಾಗಲೆಲ್ಲಾ ನನಗೆ ಆ ಊಟಿಯ ಚಿತ್ರಗಳು ನೆನಪಾಗುತ್ತವೆ.

ಜಲವರ್ಣಕ್ಕೆ ಬೆಳಕಿನ ಭಯ ಜಾಸ್ತಿ. ಆದ್ದರಿಂದ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇರುವಾಗ, ಅಲ್ಲೇ ಈ ಪದ್ಧತಿ ಶುರು ಮಾಡಬಹುದು. ಬೆಟ್ಟದ ಚಿತ್ರಗಳನ್ನು ಮಳೆಗಾಲದ ಒಂದು ತಿಂಗಳು ಹೊರಗೆ ತರಲಿ. ತೇವ ತಡೆಯುವ ವ್ಯವಸ್ಥೆ ಮೊದಲು ಆಗಬೇಕು. ಉಳಿದ ತಿಂಗಳು ಒಳ್ಳೆ ನಕಲು ಹಾಕಿ, ನಕಲು ಎಂದು ಬರೆಯಲಿ. ಆ ತಿಂಗಳು ಶಾಲೆ ಮಕ್ಕಳನ್ನು ಕರೆತರಲಿ, ಪ್ರತಿ ಚಿತ್ರದ ಮುಂದೆ ಕೂರಲು ಒಂದು ಬೆಂಚು ಇಡಲಿ. ದಿನಾಂಕವನ್ನು ಒಂದು ವರ್ಷ ಮುಂಚೆಯೇ ಹೇಳಿದರೆ ನಮ್ಮಂಥ ಹೊರನಾಡಿನವರು ಊರಿಗೆ ಬರುವ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತೇವೆ.