ಕುಡಿಯಬೇಡಿ, ಆದರೆ ಟಾರ್ಗೆಟ್ ತಪ್ಪಿಸಬೇಡಿ

ನಮ್ಮ ರಾಜ್ಯದಲ್ಲಿ ಕುಡಿತ ಬಿಡಿಸುವುದಕ್ಕೆ ಅಂತಲೇ ಒಂದು ಮಂಡಳಿ ಇದೆ. ಮದ್ಯಪಾನ ಸಂಯಮ ಮಂಡಳಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಲೂ ಇದೆ. ಜಾಥಾ ಮಾಡುತ್ತದೆ, ಬೀದಿ ನಾಟಕ ಆಡಿಸುತ್ತದೆ. ಇತ್ತ ಅದೇ ಸರ್ಕಾರ ಅಬಕಾರಿ ಇಲಾಖೆಗೆ 2025-26ರ ಬಜೆಟ್ಟಿನಲ್ಲಿ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಹಿಂದಿನ ವರ್ಷದ ಗುರಿ 38,525 ಕೋಟಿ ಇತ್ತು. ಅಂದರೆ ಜನ ಕುಡಿತ ಬಿಡಲಿ ಅಂತ ಹರಕೆ ಹೊರುವವರು ಒಂದು ಕಡೆ, ಎಲ್ಲಿ ಬಿಟ್ಟುಬಿಡುತ್ತಾರೋ ಅಂತ ಎದೆ ಹಿಡಿದುಕೊಂಡು ಕೂತವರು ಇನ್ನೊಂದು ಕಡೆ, ಇಬ್ಬರಿಗೂ ದುಡ್ಡು ಬರುವುದು ಮಾತ್ರ ಒಂದೇ ಖಜಾನೆಯಿಂದ.

ಎಂಎಸ್‌ಐಎಲ್ ನೋಡಿ, ಸರ್ಕಾರದ್ದೇ ಕಂಪನಿ. ನೋಟ್‌ಬುಕ್ ಮಾರುತ್ತದೆ, ಚೀಟಿ ನಡೆಸುತ್ತದೆ, ಮದ್ಯದಂಗಡಿಯನ್ನೂ ಇಟ್ಟಿದೆ. ಮಗನಿಗೆ ಪುಸ್ತಕ, ಅಮ್ಮನಿಗೆ ಚೀಟಿ, ಅಪ್ಪನಿಗೆ ಕ್ವಾರ್ಟರ್. ಇಡೀ ಸಂಸಾರದ ಹೊಣೆ ಹೊತ್ತ ಕಂಪನಿ ಬೇರೆ ಎಲ್ಲಿ ಸಿಗುತ್ತೆ ಹೇಳಿ?

ಎಚ್ಚರಿಕೆ ಕೊಟ್ಟಿಲ್ಲವಾ ಅಂತ ಕೇಳಬೇಡಿ, ಕೊಟ್ಟಿದ್ದಾರೆ. 180 ಎಂಎಲ್ ಟೆಟ್ರಾ ಪ್ಯಾಕ್ ತಿರುಗಿಸಿ ನೋಡಿ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಅಂತ ಇರುವೆ ಸಾಲಿನ ಹಾಗೆ ಅಕ್ಷರ. ಕುಡಿಯುವ ಮುಂಚೆ ಓದುವ ಪುರುಸೊತ್ತಿಲ್ಲ, ಕುಡಿದ ಮೇಲೆ ಒಂದೊಂದು ಸಾಲು ಎರಡೆರಡಾಗಿ ಕಾಣುತ್ತದೆ. ಓದಿಯೇ ತೀರುತ್ತೇನೆ ಅಂದವನ ಬೈಕ್ ಅಂಗಡಿ ಮುಂದೆಯೇ ನಿಂತಿರುತ್ತದೆ, ಕೀ ಅದರಲ್ಲೇ ಇರುತ್ತದೆ.

2019ರ ಜನವರಿಯಲ್ಲಿ ಹಳ್ಳಿ ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೂ ನಡೆದುಕೊಂಡೇ ಬಂದರು. ಗಂಡಂದಿರು ಕೂಲಿ ದುಡ್ಡನ್ನೆಲ್ಲ ಅಂಗಡಿಗೆ ಸುರಿಯುತ್ತಾರೆ ಅನ್ನುವುದೇ ಅವರ ಅಳಲು. ಅದಕ್ಕೆ ಪರಿಹಾರ ಸಿಗಲು ತಡವಾಯಿತು ನಿಜ, ಆದರೆ 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲೇ ತುರುವೇಕೆರೆ ಶಾಸಕರು ದಾರಿ ತೋರಿಸಿದರು: ಕುಡಿಯುವವರಿಗೆ ವಾರಕ್ಕೆ ಎರಡು ಬಾಟಲಿ ಫ್ರೀ ಕೊಡಿ. ಸರಿಯಲ್ವಾ, ಕೂಲಿ ದುಡ್ಡು ಉಳಿಯುತ್ತದೆ!

ನನ್ನದೂ ಒಂದು ಸಲಹೆ ಇದೆ. ಸಂಯಮ ಮಂಡಳಿಗೂ ಒಂದು ಟಾರ್ಗೆಟ್ ಕೊಡಿ, ವರ್ಷಕ್ಕೆ ಇಷ್ಟು ಜನರ ಕುಡಿತ ಬಿಡಿಸಬೇಕು ಅಂತ. ಎರಡೂ ಕಡೆಯವರನ್ನು ಒಂದೇ ಮೇಜಿನ ಮುಂದೆ ಕೂರಿಸಿ ಪ್ರಗತಿ ಪರಿಶೀಲನೆ ಮಾಡಿ. ಮಂಡಳಿಯವರು ಗುರಿ ಮುಟ್ಟಿದರು ಅಂದರೆ ಹಾರ ಹಾಕಿ, ಫೋಟೋ ತೆಗೆಸಿ. ಆಮೇಲೆ ಅಬಕಾರಿ ಆದಾಯಕ್ಕೆ ನಷ್ಟ ಮಾಡಿದ್ದಕ್ಕೆ ಅವರಿಗೇ ನೋಟಿಸ್ ಕೊಡಿ.