ಓದಬಾರದ ಪುಸ್ತಕ, ತೊಡಬಾರದ ಬಟ್ಟೆ

ಹಣ ಹೆಚ್ಚಾಗಿ ಏನು ಮಾಡುವುದೆಂದು ತೋಚದವರು ಹಿಂದೆ ಗುಡಿ ಕಟ್ಟಿಸುತ್ತಿದ್ದರು, ಕೆರೆ ತೋಡಿಸುತ್ತಿದ್ದರು. ಈಗ ಇದ್ದ ಕೆರೆಗಳ ಮೇಲೆಯೇ ಬಡಾವಣೆಗಳು ಎದ್ದಿರುವುದರಿಂದ ಆ ದಾರಿ ಮುಚ್ಚಿದೆ. ಆದ್ದರಿಂದ ಸಿರಿವಂತರು ಹರಾಜುಮನೆಗಳ ಕಡೆ ಹೊರಟಿದ್ದಾರೆ. ಲಂಡನ್, ನ್ಯೂಯಾರ್ಕ್, ಹಾಂಗ್‌ಕಾಂಗ್‌ಗಳ ಆ ತಣ್ಣನೆಯ ಸಭಾಂಗಣಗಳಲ್ಲಿ ಹಳೆಯ ಪುಸ್ತಕ, ಹಳೆಯ ಬಟ್ಟೆ, ಹೊಸ ಬಾಳೆಹಣ್ಣು ಎಲ್ಲಕ್ಕೂ ಸವಾಲು ಕೂಗುವವರಿದ್ದಾರೆ. ಈ ವೃತ್ತಕ್ಕೆ ಹೊಸದಾಗಿ ಸೇರಬಯಸುವ ಕನ್ನಡಿಗರ ಅನುಕೂಲಕ್ಕಾಗಿ ಅಲ್ಲಿನ ಶಾಸ್ತ್ರವನ್ನು ಮೊದಲೇ ಹೇಳಿಬಿಡುತ್ತೇನೆ. ವಸ್ತು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಅದರಿಂದ ಮಾಡಿಸಕೂಡದು. ಮಾಡಿಸಿದರೆ ಬೆಲೆ ಬಿತ್ತು.

ಪುಸ್ತಕವನ್ನೇ ನೋಡಿ. 1997ರಲ್ಲಿ ಹ್ಯಾರಿ ಪಾಟರ್ ಎಂಬ ಹುಡುಗನ ಮೊದಲ ಕಥೆ ಲಂಡನ್ನಿನಲ್ಲಿ ಗಟ್ಟಿರಟ್ಟಿನ ಕೇವಲ 500 ಪ್ರತಿಗಳಲ್ಲಿ ಅಚ್ಚಾಯಿತು. ಹೆಚ್ಚಿನವು ಗ್ರಂಥಾಲಯಗಳಿಗೆ ಹೋದವು. ಅಲ್ಲಿ ಮಕ್ಕಳು ಅವನ್ನು ಓದಿದರು, ಮೂಲೆ ಮಡಚಿದರು, ಸರದಿ ಕಾದು ಮನೆಗೊಯ್ದರು. ಹರಾಜುಮನೆಯ ಲೆಕ್ಕದಲ್ಲಿ ಅಲ್ಲಿಗೆ ಆ ಪ್ರತಿಗಳ ಮಾನ ಹೋಯಿತು. ಹೊಳಪು ಮಾಸದ ಒಂದು ಪ್ರತಿ ಮಾತ್ರ 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ 4,71,000 ಡಾಲರಿಗೆ ಹೋಯಿತು. ಅಸಲಿ ಮೊದಲ ಮುದ್ರಣವೆಂದು ತಿಳಿಯುವುದು ಹೇಗೆ? 53ನೇ ಪುಟದಲ್ಲಿ, ಶಾಲೆಗೆ ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ, ಮಂತ್ರದಂಡ ಎರಡು ಸಲ ಅಚ್ಚಾಗಿರಬೇಕು. ಅಚ್ಚಿನ ತಪ್ಪಿಗೇ ಇಷ್ಟು ಮರ್ಯಾದೆಯೆಂದಾದರೆ ಕನ್ನಡ ಪ್ರಕಾಶಕರು ಧೈರ್ಯಗೆಡಬೇಕಿಲ್ಲ. ನಮ್ಮಲ್ಲಿ ಕೆಲವು ಪುಸ್ತಕಗಳ ಪುಟಪುಟವೂ ನಿಧಿ.

ಇದಕ್ಕಿಂತ ಸೊಗಸು ಹೊದಿಕೆಕಾಗದದ್ದು. 1925ರಲ್ಲಿ ಬಂದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಮುದ್ರಣ ಬರಿಮೈಯಲ್ಲಿದ್ದರೆ ಕೆಲವು ಸಾವಿರ ಡಾಲರು, ರಟ್ಟಿನ ಮೇಲೆ ಸುತ್ತಿದ್ದ ಕಾಗದವೂ ಜತೆಗಿದ್ದರೆ ಲಕ್ಷ ದಾಟುತ್ತದೆ. ಧೂಳು ಕೂರದಿರಲೆಂದು ಅಂಗಡಿಯವನು ಉಳಿಸಿಕೊಂಡದ್ದು, ಕೊಂಡವನು ಮನೆಗೆ ಬಂದು ಕಿತ್ತೆಸೆದದ್ದು ಆ ಕಾಗದ. ಕಾದಂಬರಿಕಾರ ಬರೆದದ್ದಕ್ಕಿಂತ ಅದಕ್ಕೇ ಹತ್ತಾರು ಪಟ್ಟು ತೂಕ. ಇನ್ನೂ ಮೇಲ್ತರಗತಿಯ ಸಂಗ್ರಾಹಕರಿದ್ದಾರೆ. ಅವರಿಗೆ ಹಾಳೆ ಬಿಡಿಸದ ಪ್ರತಿಯೇ ಬೇಕು. ಹಿಂದೆ ಮಡಿಕೆಯಾಗಿಯೇ ಹೊಲಿದು ಕೊಡುತ್ತಿದ್ದ ಹಾಳೆಗಳನ್ನು ಓದುಗನೇ ಚಾಕುವಿನಿಂದ ಸೀಳಿಕೊಳ್ಳಬೇಕಿತ್ತು. ಸೀಳಿಲ್ಲವೆಂದರೆ ನೂರು ವರ್ಷಗಳಲ್ಲಿ ಒಬ್ಬ ನರಪಿಳ್ಳೆಯೂ ಅದನ್ನು ಪೂರ್ತಿ ಓದಿಲ್ಲವೆಂದು ಖಾತ್ರಿ. ಆ ಖಾತ್ರಿಗೆ ಹೆಚ್ಚುವರಿ ಹಣ! ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರು ಇದನ್ನು ನಂಬಲಿಕ್ಕಿಲ್ಲ. ಹಿಂದಿನ ವರ್ಷ ಪಾಸಾದವನು ಮುಖ್ಯ ಪ್ರಶ್ನೆಗಳಿಗೆಲ್ಲ ಗೆರೆ ಎಳೆದಿಟ್ಟ ಗೈಡಿಗೇ ಅವರಲ್ಲಿ ಗಿರಾಕಿ ಹೆಚ್ಚು.

ಬಟ್ಟೆಯ ವಿಭಾಗದಲ್ಲಿ ಹರಿದದ್ದೇ ಶ್ರೇಷ್ಠ. ಬ್ರಿಟನ್ನಿನ ಡಯಾನಾ 1981ರಲ್ಲಿ ಕುರಿಗಳ ಚಿತ್ರವಿದ್ದ ಸ್ವೆಟರೊಂದರ ತೋಳಿನ ಅಂಚು ಹಾಳಾಗಿದೆಯೆಂದು ಅದನ್ನು ಹೆಣೆದ ಕಂಪನಿಗೆ ವಾಪಸು ಕಳುಹಿಸಿದ್ದರು. ಕಂಪನಿ ಹೊಸದನ್ನು ಕೊಟ್ಟು ಕೆಟ್ಟದ್ದನ್ನು ಇಟ್ಟುಕೊಂಡಿತು, ಮರೆಯಿತು. ಅಟ್ಟದಲ್ಲಿ ಸಿಕ್ಕಿದ ಅದೇ ಸ್ವೆಟರು 2023ರಲ್ಲಿ 11 ಲಕ್ಷ ಡಾಲರು ಮೀರಿ ಮಾರಾಟವಾಯಿತು. ಅದಕ್ಕೆ ಒಂದು ವರ್ಷ ಮುಂಚೆ, ಪಾಳುಬಿದ್ದ ಗಣಿಯೊಂದರಲ್ಲಿ ದೊರೆತಿದ್ದ 1880ರ ದಶಕದ ಲೀವೈಸ್ ಜೀನ್ಸ್ ನ್ಯೂಮೆಕ್ಸಿಕೊದಲ್ಲಿ 76 ಸಾವಿರ ಡಾಲರಿಗೆ ಹರಾಜಾಯಿತು. ಕಮಿಷನ್ ಸೇರಿಸಿದರೆ 87 ಸಾವಿರದ ಮೇಲೆ. ಗಣಿಗಾರನ ಮೇಣದಬತ್ತಿಯ ಮೇಣ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಜೇಬಿನ ಒಳಗೆ, ಬಿಳಿಯ ಕಾರ್ಮಿಕರೇ ತಯಾರಿಸಿದ್ದು ಎಂಬ ಜಂಬದ ಅಚ್ಚು. ಚೀನೀ ಕೂಲಿಗಳನ್ನು ದೇಶದೊಳಗೆ ಬಿಡಕೂಡದೆಂದು ಅಮೆರಿಕ ಕಾನೂನು ಮಾಡಿದ ದಶಕವದು. ಆ ಪ್ಯಾಂಟು ತೊಟ್ಟು ಭೂಮಿಯೊಳಗೆ ಇಳಿದವನ ಹೆಸರು ಯಾರಿಗೂ ಗೊತ್ತಿಲ್ಲ. ಕೊಂಡವರು ಅದನ್ನು ಲಾಕರಿನಲ್ಲಿ ಇಟ್ಟರು.

ಉಡುವ ಸಾಹಸ ಮಾಡಿದವರಿಗೆ ಏನಾಯಿತು ಎಂಬುದಕ್ಕೆ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಗೌನಿನ ಪ್ರಸಂಗವಿದೆ. 1962ರಲ್ಲಿ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹೇಳುವಾಗ ಆಕೆ ತೊಟ್ಟಿದ್ದ ಗೌನು 2016ರಲ್ಲಿ 48 ಲಕ್ಷ ಡಾಲರಿಗೆ ಒಂದು ವಸ್ತುಸಂಗ್ರಹಾಲಯದ ಪಾಲಾಯಿತು. 2022ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಅದನ್ನು ತೊಟ್ಟು ಕೆಲವು ಮೆಟ್ಟಿಲು ಹತ್ತಿದ್ದೇ ತಡ, ಲೋಕದ ವಸ್ತ್ರಸಂರಕ್ಷಕರೆಲ್ಲ ಹೌಹಾರಿದರು. ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳುವುದೆಂದರೇನು!

ನಮ್ಮ ದೇವಸ್ಥಾನಗಳು ಈ ವಿಷಯದಲ್ಲಿ ಬಹಳ ಹಿಂದುಳಿದಿವೆ. ದೇವಿಗೆ ಹರಕೆಯಾಗಿ ಬಂದ ಸೀರೆಗಳನ್ನು ಅಲ್ಲಿಯೂ ಹರಾಜು ಹಾಕುತ್ತಾರೆ. ಉಟ್ಟವಳು ಯಾವ ಸಿನಿಮಾ ನಟಿಯೂ ಅಲ್ಲ, ಸಾಕ್ಷಾತ್ ಜಗನ್ಮಾತೆ. ಕುಲಗೋತ್ರದಲ್ಲಿ ಅದನ್ನು ಮೀರಿಸುವ ವಸ್ತ್ರ ಭೂಮಂಡಲದಲ್ಲಿಲ್ಲ. ಆದರೆ ಕೊಂಡ ಹೆಂಗಸು ಗಾಜಿನ ಪೆಟ್ಟಿಗೆ ಮಾಡಿಸುವುದಿಲ್ಲ, ಉಷ್ಣಾಂಶ ನಿಯಂತ್ರಿಸುವುದಿಲ್ಲ. ಬ್ಲೌಸ್ ಹೊಲಿಸಿಕೊಂಡು, ಉಟ್ಟು, ಮಗಳ ನಿಶ್ಚಿತಾರ್ಥದಲ್ಲಿ ಓಡಾಡುತ್ತಾಳೆ. ಸಾರು ಬಿದ್ದರೆ ಒಗೆಯುತ್ತಾಳೆ.

ಕಲೆಯ ವಿಚಾರಕ್ಕೆ ಬಂದರೆ ನಾನು ಸ್ವಲ್ಪ ತಗ್ಗಿ ಮಾತನಾಡಬೇಕು. ಅದು ಅರ್ಥವಾಗದವರನ್ನು ಹಳ್ಳಿಗುಗ್ಗು ಎನ್ನುತ್ತಾರೆ. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಗೋಡೆಗೆ ಟೇಪಿನಿಂದ ಅಂಟಿಸಿದ ಒಂದು ಬಾಳೆಹಣ್ಣು 62 ಲಕ್ಷ ಡಾಲರಿಗೆ ಮಾರಾಟವಾಯಿತು. ಇಟಲಿಯ ಮೌರಿಜಿಯೊ ಕ್ಯಾಟೆಲನ್ ಅವರ ಕೃತಿ. ಸುತ್ತಿಗೆ ಬಿದ್ದದ್ದು 52 ಲಕ್ಷಕ್ಕೆ. ಮಿಕ್ಕ ಹತ್ತು ಲಕ್ಷ ಹರಾಜುಮನೆಯ ಕಮಿಷನ್. ಹಣ್ಣನ್ನು ಬೀದಿಯ ಅಂಗಡಿಯಲ್ಲಿ 35 ಸೆಂಟಿಗೆ ತಂದಿದ್ದರು. ಕೊಂಡವನಿಗೆ ನಿಜವಾಗಿ ಸಿಗುವುದು ಒಂದು ಪ್ರಮಾಣಪತ್ರ ಮತ್ತು ಹಣ್ಣು ಕೊಳೆತಾಗ ಬೇರೆಯದನ್ನು ಅಂಟಿಸುವ ವಿಧಾನದ ಸೂಚನೆ. ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ಅದನ್ನು ಕೊಂಡು, ಹಾಂಗ್‌ಕಾಂಗಿನಲ್ಲಿ ಪತ್ರಕರ್ತರನ್ನು ಕರೆದು, ಸುಲಿದು ತಿಂದ. ಜನ ಅವನನ್ನು ಹುಚ್ಚನೆಂದರು. ನನಗೆ ಹಾಗೆ ಅನ್ನಿಸಲಿಲ್ಲ. ಇಡೀ ಹರಾಜು ಪ್ರಪಂಚದಲ್ಲಿ ಕೊಂಡ ಪದಾರ್ಥವನ್ನು ಅದು ಹುಟ್ಟಿದ ಉದ್ದೇಶಕ್ಕೆ ಬಳಸಿದ ಪುಣ್ಯಾತ್ಮ ಅವನೊಬ್ಬನೇ.

ಹಣ್ಣಿನ ಹರಾಜಿನಲ್ಲಿ ನಾವೂ ಕಡಿಮೆಯವರಲ್ಲ ಎನ್ನುವುದಕ್ಕೆ ಜಮಖಂಡಿ ತಾಲ್ಲೂಕಿನ ಚಿಕ್ಕಲಕಿಯ ಮಾಳಿಂಗರಾಯನ ಜಾತ್ರೆ ಸಾಕ್ಷಿ. 2021ರಲ್ಲಿ ಅಲ್ಲಿ ದೇವರ ಒಂದು ತೆಂಗಿನಕಾಯಿ 6.5 ಲಕ್ಷ ರೂಪಾಯಿಗೆ ಹೋಯಿತು. ಹಿಡಿದವರು ವಿಜಯಪುರ ಜಿಲ್ಲೆಯ ಹಣ್ಣಿನ ವ್ಯಾಪಾರಿ. ಅಂದರೆ ಕಾಯಿಯ ಬೆಲೆ ತಿಳಿಯದವರೇನೂ ಅಲ್ಲ. ನಕ್ಕವರು ನಕ್ಕರು. ದುಡ್ಡು ಗುಡಿಗೆ ಹೋಯಿತು, ಕಾಯಿ ಮನೆಗೆ ಹೋಯಿತು, ನಡುವೆ ಹತ್ತು ಲಕ್ಷ ಹೊಡೆದವರು ಯಾರೂ ಇರಲಿಲ್ಲ.

ಹರಾಜುಮನೆಯ ನಿಜವಾದ ಪ್ರತಿಭೆ ಇರುವುದು ವಸ್ತುವಿನ ಜಾತಕ ಬರೆಯುವುದರಲ್ಲಿ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಟಿಪ್ಪುವಿನ ಶಯನಗೃಹದ ಖಡ್ಗವನ್ನು 1.4 ಕೋಟಿ ಪೌಂಡಿಗೆ, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚಿಗೆ, ಮಾರಿತು. ಅದರ ಜಾತಕ ಓದಲು ಬಲು ಹಿತ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೈನ್ಯವು ಮೇಜರ್ ಜನರಲ್ ಬೇರ್ಡ್ ಅವರ ಶೌರ್ಯಕ್ಕೆ ಗೌರವವಾಗಿ ಅದನ್ನು ಅರ್ಪಿಸಿತು. ಯಾರದ್ದನ್ನು ಯಾರು ಯಾರಿಗೆ ಅರ್ಪಿಸಿದರು ಎಂದು ಕೇಳಬಾರದು. ಅದೇ ದಿನಗಳಲ್ಲಿ ಟಿಪ್ಪುವಿನ ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡರು. ಅದರ ಒಂದು ಚಿನ್ನದ ಹುಲಿತಲೆಗೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶದ ಪರಂಪರೆ ಹೊರಗೆ ಹೋಗಬಾರದೆಂದು 2021ರಲ್ಲಿ ಅದರ ರಫ್ತನ್ನು ತಾತ್ಕಾಲಿಕವಾಗಿ ತಡೆದದ್ದು ಬ್ರಿಟಿಷ್ ಸರ್ಕಾರ. ಹೌದು, ಬ್ರಿಟಿಷ್ ಸರ್ಕಾರವೇ. ಅವರ ಪರಂಪರೆಯೇ.

ಆದರೆ ಈ ಶಾಸ್ತ್ರದ ಪರಾಕಾಷ್ಠೆ ಕಾಣಬೇಕಾದರೆ ಗಾಂಧೀಜಿಯ ಸಾಮಾನುಗಳ ಹಿಂದೆ ಹೋಗಬೇಕು. ತನ್ನದೆನ್ನುವ ವಸ್ತುವೇ ಇರಬಾರದೆಂದು ಬದುಕಿದವರು, ಬಿಟ್ಟುಹೋದದ್ದು ಅಷ್ಟಿಷ್ಟು. ಅಷ್ಟಿಷ್ಟೇ ಆದ್ದರಿಂದ ಬೆಲೆ ವಿಪರೀತ. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲು ಒಟ್ಟಿಗೆ ಹರಾಜಿಗೆ ಬಂದವು. ಮಾರಲು ಹೊರಟ ಅಮೆರಿಕನ್ನನು, ಭಾರತ ಸರ್ಕಾರ ಬಡವರಿಗಾಗಿ ಮಾಡುವ ಖರ್ಚನ್ನು ಹೆಚ್ಚಿಸಿದರೆ ಹರಾಜನ್ನೇ ಬಿಡುತ್ತೇನೆ ಎಂದ. ಸರ್ಕಾರಕ್ಕೆ ಅದಕ್ಕಿಂತ ಹರಾಜೇ ಸುಲಭವೆನಿಸಿತು. ದೆಹಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು. ನ್ಯೂಯಾರ್ಕಿಗೆ ಅದು ಕೇಳಿಸಲಿಲ್ಲ. ಕೊನೆಗೆ 18 ಲಕ್ಷ ಡಾಲರು ಕೊಟ್ಟು ಗಾಂಧಿಯ ಚಪ್ಪಲಿಯನ್ನು ಉಳಿಸಿದವರು ಯಾರು? ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಆಯ್ಕೆಯಾದ, ಬಿಯರು ವಿಸ್ಕಿಗಳ ದೊರೆ ವಿಜಯ್ ಮಲ್ಯ. ಪಾನನಿರೋಧವಿಲ್ಲದೆ ಸ್ವರಾಜ್ಯ ಅಪೂರ್ಣವೆಂದು ನಂಬಿದ್ದವರ ಊಟದ ಬಟ್ಟಲು ಬಾಟಲಿಯ ಲಾಭದಲ್ಲಿ ಪಾರಾಯಿತು. ಕೇಂದ್ರದ ಸಂಸ್ಕೃತಿ ಸಚಿವೆ ಅಂಬಿಕಾ ಸೋನಿ, ಸರ್ಕಾರವೇ ಮಲ್ಯರ ಮೂಲಕ ಕೊಂಡಿತೆಂದು ಹೇಳಿಕೆ ಕೊಟ್ಟರು. ನನ್ನನ್ನು ಯಾರೂ ಸಂಪರ್ಕಿಸಿಲ್ಲ ಎಂದರು ಮಲ್ಯ. ಗಾಂಧಿಯ ವಸ್ತುಗಳ ವಿಷಯದಲ್ಲಿ ಸತ್ಯ ಯಾವುದೆಂಬುದೇ ವಿವಾದವಾಯಿತು.

ಮೂರು ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ ಗಾಂಧೀಜಿ ಗುಂಡೇಟಿಗೆ ಬಿದ್ದ ಜಾಗದ್ದೆನ್ನಲಾದ ಚಿಟಿಕೆ ಮಣ್ಣು ಮತ್ತು ನಾಲ್ಕಾರು ಎಸಳು ಹುಲ್ಲು ಸುಮಾರು 10 ಸಾವಿರ ಪೌಂಡಿಗೆ ಮಾರಾಟವಾದವು. 2020ರಲ್ಲಿ ಬ್ರಿಸ್ಟಲಿನ ಹರಾಜುಗಾರರ ಅಂಚೆಪೆಟ್ಟಿಗೆಗೆ ಯಾರೋ ಒಂದು ಲಕೋಟೆ ತುರುಕಿ ಹೋಗಿದ್ದರು. ವಾರಾಂತ್ಯವೆಲ್ಲ ಅದು ಅರ್ಧ ಹೊರಗೆ ಚಾಚಿಕೊಂಡೇ ಇತ್ತು. ಒಳಗೆ ಗಾಂಧಿಯದ್ದೆನ್ನಲಾದ ಕನ್ನಡಕ. ಪ್ರಯೋಜನವಿಲ್ಲದಿದ್ದರೆ ಎಸೆದುಬಿಡಿ ಎಂದಿದ್ದನಂತೆ ವಾರಸುದಾರ. ಅದಕ್ಕೆ ಬಂದದ್ದು 2,60,000 ಪೌಂಡ್. ಆ ಕನ್ನಡಕ ಹಾಕಿಕೊಂಡು ಯಾರೂ ಏನನ್ನೂ ನೋಡುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಇಷ್ಟಾದರೂ ಹರಾಜನ್ನು ಗಾಂಧಿಗೆ ಆಗದ ಸಂಗತಿ ಎಂದು ತಿಳಿಯಬಾರದು. ಅವರೇ ಪಳಗಿದ ಹರಾಜುಗಾರ. 1933–34ರ ಹರಿಜನ ಪ್ರವಾಸದಲ್ಲಿ, ಕರ್ನಾಟಕವನ್ನೂ ಸುತ್ತಿದ ಆ ಪ್ರವಾಸದಲ್ಲಿ, ಊರವರು ಭಕ್ತಿಯಿಂದ ಕೊಟ್ಟ ಮಾನಪತ್ರವನ್ನೂ ಬೆಳ್ಳಿಯ ಕರಂಡಕವನ್ನೂ ಅದೇ ವೇದಿಕೆಯಲ್ಲಿ ನಿಂತು ಸವಾಲಿಗೆ ಹಾಕುತ್ತಿದ್ದರು. ಹಣ ನೇರವಾಗಿ ಹರಿಜನ ನಿಧಿಗೆ. ಹಸ್ತಾಕ್ಷರ ಬೇಕೆಂದವರಿಗೆ ಐದು ರೂಪಾಯಿ ದರ, ಚೌಕಾಸಿ ಇಲ್ಲ. ಅವರ ಸಹಿ ಈಗಲೂ ಪರದೇಶದ ಹರಾಜು ಪಟ್ಟಿಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ, ಪೌಂಡು ಡಾಲರುಗಳ ಅಂದಾಜು ಬೆಲೆಯೊಂದಿಗೆ. ಕಮಿಷನ್ ಪ್ರತ್ಯೇಕ.